ಬಿಲ್ಲಿಂಗ್ ಕೋಣೆಯ ಕಂಪ್ಯೂಟರೂ ನನ್ನ ಬೆರಳೂ

ಸಂತೋಷ ಹೆಚ್ಚಾದರೆ ನನಗೆ ಮಾತೂ ಹೆಚ್ಚಾಗುತ್ತದೆ. ಗಲ್ಫಿನ ಅಬು ಹಲೀಫಾದ ನಮ್ಮ ಬಿಲ್ಡಿಂಗಿನವರು ಸದ್ಯ ಇದನ್ನು ಅನುಭವಿಸುತ್ತಿದ್ದಾರೆ. ಮೊಮ್ಮಗಳು ಸಿಂಚನಾಳಿಗೆ ಟೆಲಿಫೋನ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಕೆಲವರಿಗೆ ಎರಡೆರಡು ಸಲ. ಪ್ರಾಯದಲ್ಲಿ ನಾನು ಚಹಾ ಕೊಡುತ್ತಿದ್ದದ್ದೂ ಅಂಥದೇ ಒಂದು ವಿಭಾಗದಲ್ಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಬಡ್ತಿ ಯಾವುದು?

ಆ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆಂದೇ ಒಂದು ಕೋಣೆಯಾಯಿತು. ಹೊರಗೆ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದರೆ ಒಳಗೆ ಎ.ಸಿ.ಯ ಚಳಿಗೆ ಗುಮಾಸ್ತರು ಸ್ವೆಟರ್ ತೊಟ್ಟು ಕೂರುತ್ತಿದ್ದರು. ಚಪ್ಪಲಿ ಬಾಗಿಲಲ್ಲೇ, ಚಹಾವೂ ಬಾಗಿಲಲ್ಲೇ. ಸಂಜೆ ಯಂತ್ರ ಆರಿಸಿದ ಮೇಲೆ ಧೂಳು ಒರೆಸಿ ಬಟ್ಟೆ ಹೊದಿಸುವುದಷ್ಟೇ ನನ್ನ ಪಾಲು. ಪ್ರಿಂಟರಿನ ಕಾಗದದ ಅಂಚಿನಿಂದ ಹರಿದು ಬಿಸಾಡುತ್ತಿದ್ದ ತೂತುತೂತಿನ ಪಟ್ಟಿಗಳನ್ನು ಮನೆಗೆ ತಂದು ಮಗಳ ಹುಟ್ಟುಹಬ್ಬಕ್ಕೆ ತೋರಣ ಕಟ್ಟಿದ್ದೂ ಉಂಟು.

ಅಲ್ಲಿ ಕಂಪ್ಯೂಟರ್ ನಡೆಸುತ್ತಿದ್ದವರು ಮಂಗಳೂರಿನ ಲಿಲ್ಲಿಬಾಯಿ. ಒಂದು ಸಂಜೆ ನನ್ನನ್ನು ಒಳಗೆ ಕರೆದರು. "ಶೀನಣ್ಣ, ಒಂದು ಗಳಿಗೆ ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮ ಹೆಸರು ಒತ್ತಿ ನೋಡಿ. ಅದೆಂತ ಕಚ್ತದಾ?" ಲೋಟ ತೊಳೆಯಲಿಕ್ಕುಂಟು ಎಂದು ಜಾರಿಕೊಂಡೆ. ನಾನು ಒತ್ತಿ ಅದು ಕೆಟ್ಟರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯೇ, ಹೋಗಿ ಊರಿಗೆ ಟಿಕೇಟು ಎಂಬ ಹೆದರಿಕೆ. ಅವರು ಆಮೇಲೂ ಕರೆಯುತ್ತಲೇ ಇದ್ದರು. ಕೊನೆಗೆ ಅವರೇ ಕೆಲಸ ಬಿಟ್ಟು ಊರಿಗೆ ಹೋದರು.

ಮೊನ್ನೆ ಸಿಂಚನಾ ಪಕ್ಕದಲ್ಲಿ ಬಂದು ಕೂತಳು. "ಅಜ್ಜ, ಆಗ ಸ್ಕ್ರೀನ್ ಮೇಲೆ ಎಂತ ಕಾಣ್ತಿತ್ತು? ನನ್ನ ಟೀಮಿಗೆ ಹೇಳ್ಬೇಕು."

ನನಗೆ ಗೊತ್ತಿದ್ದದ್ದು ಅದರ ಬೆನ್ನು. ವೈರು, ಗಾಳಿಕಿಂಡಿ, ಧೂಳು. ಬೆಳಗಿದ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಲಿಲ್ಲಿಬಾಯಿಯ ಕುರ್ಚಿಯಲ್ಲಿ ಒಂದೇ ಒಂದು ಗಳಿಗೆ ಕೂತಿದ್ದರೆ ನೋಡಿರುತ್ತಿದ್ದೆ. ನೋಡಲಿಲ್ಲ ಮಗಾ, ಎಂದೆ.

ಅವಳು ನಗಲಿಲ್ಲ. ತನ್ನ ಲ್ಯಾಪ್‌ಟಾಪ್ ನನ್ನ ಮುಂದಿಟ್ಟು, ಕನ್ನಡ ಅಕ್ಷರ ಬರುವಂತೆ ಮಾಡಿ, ಅವಳ ಹೆಸರನ್ನೇ ಬರೆಯಲು ಹೇಳಿ 'ಸ' ಎಲ್ಲಿದೆ ಎಂದು ತೋರಿಸಿದಳು. ಬೆರಳು ಕೀಲಿಯ ಮೇಲೆ ಗಾಳಿಯಲ್ಲೇ ನಿಂತಿತು. ಹೆದರಿಕೆ ಮುಚ್ಚಲು ತೋರಣದ ಕತೆ ಶುರುಮಾಡಿದೆ. ಕತೆ ಬೆಳೆಯುತ್ತಿದ್ದಂತೆ ಪರದೆ ಕಪ್ಪಾಯಿತು. ಕೆಡಿಸಿದೆ ಎಂದು ಎದ್ದೇಬಿಟ್ಟೆ.

"ಕೆಡ್ಲಿಲ್ಲ ಅಜ್ಜ. ನೀವು ಪ್ರೆಸ್ ಮಾಡ್ಲೇ ಇಲ್ಲ, ಅದಕ್ಕೆ ಸ್ಲೀಪ್ ಆಯ್ತು."

ಅವಳು ಪರದೆಯನ್ನು ಮತ್ತೆ ಬೆಳಗಿಸಿದಳು. ಮತ್ತೆ ಕೂತೆ. ಬಾಯಿ ಮುಚ್ಚಿ, ಒತ್ತಿದೆ. 'ಸ' ಬಂತು. ಆ ಖುಷಿಗೆ ಬೆರಳು ಎತ್ತುವುದೇ ಮರೆತುಹೋಯಿತು. ಒಂದರ ಹಿಂದೆ ಒಂದು 'ಸ' ಓಡಿ ಸಾಲು ತುಂಬಿ, ಕೆಳಗಿನ ಸಾಲಿಗೂ ಇಳಿಯಿತು.

"ಬೆರಳು ತೆಗೀರಿ ಅಜ್ಜ, ಒಂದು ಸಾಕು."

"ಇರ್ಲಿ ಮಗಾ," ಎಂದೆ, "ಹಳೇ ಬಾಕಿ ತುಂಬಾ ಉಂಟು."