ಪರದೇಶದ ಬಟ್ಟಲಿಗೆ ಶೇಂಗಾ ಉಂಡಿ

ಮಕ್ಕಳೇ, ಜಗತ್ತಿನಲ್ಲಿ ಹೆದರಿಕೆಗಳು ಬಗೆಬಗೆಯವು. ಕೆಲವರಿಗೆ ಹಲ್ಲಿ, ಕೆಲವರಿಗೆ ಗುಡುಗು, ನನಗೆ ಮನುಷ್ಯರು. ನಾಲ್ಕು ಜನ ಸೇರಿ ನನ್ನ ಕಡೆಗೇ ನೋಡಿದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹಳ್ಳಿಯ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗಲೆಲ್ಲ ಎತ್ತರದ ಹುಡುಗಿಯೊಬ್ಬಳ ಬೆನ್ನ ಹಿಂದೆ ಕೂತು ಏಳನೆಯ ಇಯತ್ತೆ ಮುಗಿಸಿದವಳು ನಾನು. ಮದುವೆಯಾಗಿ ಪುಣೆಗೆ ಬಂದ ಮೇಲೆ ಅಡಗಲು ನಿಮ್ಮ ಅಜ್ಜನ ಬೆನ್ನು ಸಿಕ್ಕಿತು. ಅವರು ತೀರಿಕೊಂಡ ಮೇಲೆ ಅದೂ ಇಲ್ಲದಾಯಿತು. ಪುಣೆಯಲ್ಲಿ ನಾವಿದ್ದ ಕೋಥರೂಡದಲ್ಲಿ ತರಕಾರಿಯವನ ಮುಂದೆ ನಿಂತು ಮರಾಠಿಯ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುವಷ್ಟರಲ್ಲಿ ಅವನೇ ಬೇಸತ್ತು ಕೊತ್ತಂಬರಿಯನ್ನು ಚೀಲಕ್ಕೆ ತುರುಕುತ್ತಿದ್ದ. ನನಗೆ ಬೇಕಾಗಿದ್ದದ್ದು ಮೆಂತ್ಯೆ. ಹಾಗೆಂದು ಹೇಳುವ ಧೈರ್ಯ ಇಲ್ಲದ್ದರಿಂದಲೇ ನೀವು ಅಷ್ಟೊಂದು ಕೊತ್ತಂಬರಿ ವಡೆ ತಿಂದು ಬೆಳೆದಿರಿ.

ಇಂಥ ನನ್ನನ್ನು ನಿಮ್ಮ ಅಮ್ಮ ಮಂಜುಳಾ ಅಂತರರಾಷ್ಟ್ರೀಯ ಕಲಾಮೇಳಕ್ಕೆ ಕರೆದುಕೊಂಡು ಹೋದಳು. ಆಗ ಪುಣೆಯ ಅಂಚಿನ ಖರಾಡಿಯಲ್ಲಿ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದವು. ಅಂಥದೊಂದು ಹೊಸ ಕಟ್ಟಡದಲ್ಲಿ ಮೇಳ. ಅದನ್ನು ನಡೆಸುವ ಕಂಪನಿಯಲ್ಲಿ ಅವಳಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು, ಆದರೆ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಹಾಲ್ ಪೂರ್ತಿ ಅವಳ ಜವಾಬ್ದಾರಿ. ಅಲ್ಲಿ ಎಲ್ಲವೂ ಸುಸೂತ್ರವಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ. ನಿಮ್ಮ ಅಪ್ಪನಿಗೆ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಪಾಳಿ, ನಿಮಗೆ ಶಾಲೆ. “ಮನ್ಯಾಗ ಒಬ್ಬರ ಕೂತು ಏನ್ ಮಾಡ್ತೀರಿ ಅತ್ಯಾ, ಬರ್ರಿ. ಯಾರ ಜೋಡಿನೂ ಮಾತಾಡೋದಿಲ್ಲ, ಬರೇ ನೋಡೋದು” ಎಂದಳು. ಮಾತಾಡುವುದಿಲ್ಲ ಎಂದ ಮೇಲೆ ನನಗೂ ಆಸೆಯಾಯಿತು. ಕೆಲಸದ ಭರದಲ್ಲಿ ಊಟ ಮರೆಯುವವಳೆಂದು ಅವಳಿಗಾಗಿ ಒಂದು ಡಬ್ಬಿ ಶೇಂಗಾ ಉಂಡಿ ಚೀಲದಲ್ಲಿಟ್ಟುಕೊಂಡೆ.

ಏನೇನು ನೋಡಿದೆ ಎಂದು ನೀವು ಆಗ ಕೇಳಿದ್ದಿರಿ. ನಾನು ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ. ತಗಡಿಗೆ ತೂತು ಕೊರೆದು ಮಾಡಿದ ಒಂದು ದೀಪವಿತ್ತು. ಅದರ ಬೆಳಕು ನೆಲದ ಮೇಲೆ ಮಲ್ಲಿಗೆ ಚೆಲ್ಲಿದಂತೆ ಬಿದ್ದಿತ್ತು. ಜನ ಅದನ್ನು ತುಳಿಯದೆ ಸುತ್ತುಹಾಕಿ ಹೋಗುತ್ತಿದ್ದರು, ನಾನೂ ಸೀರೆ ಎತ್ತಿಕೊಂಡು ಸುತ್ತುಹಾಕಿದೆ. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದಲ್ಲಿ ಅದ್ದಿದ ಒಂದು ಜಮಖಾನೆ ಇತ್ತು. ಜೀವಮಾನವೆಲ್ಲ ನಾನು ಬುಟ್ಟಿಗೆ ಎಸೆದ ಬಣ್ಣ ಇಷ್ಟು ಚೆಂದವಿತ್ತೇ ಎಂದು ಹೊಟ್ಟೆ ಉರಿಯಿತು. ಹಗ್ಗದಿಂದ ಹೆಣೆದ ಕುರ್ಚಿಯೊಂದಿತ್ತು, ಕೂಡಬಾರದು. ಇಡೀ ಹಾಲಿನಲ್ಲಿ ಇದ್ದ ಕುರ್ಚಿ ಅದೊಂದೇ. ನನ್ನ ಸೊಂಟ ಆ ಕುರ್ಚಿಯನ್ನು ನನಗಿಂತ ಹೆಚ್ಚು ಹೊತ್ತು ನೋಡಿತು.

ಎಲ್ಲಕ್ಕಿಂತ ಮನಸ್ಸಿಗೆ ಹಿಡಿದದ್ದು ಬಟ್ಟಲುಗಳು. ಯಾವುದೋ ಚಳಿದೇಶದ ಬೆಳ್ಳಿಕೂದಲಿನ ಹೆಂಗಸೊಬ್ಬಳು ಮಾಡಿದ್ದು. ಇಂಗ್ರಿಡ್ ಬಾಯಿ ಎಂದಿಟ್ಟುಕೊಳ್ಳಿ. ಬಿಳಿ ಮಣ್ಣಿನವು, ಹೊಳಪಿಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಒಂದು ಬಟ್ಟಲನ್ನು ಆಕೆ ಎರಡೂ ಕೈಯಿಂದ ಎತ್ತಿ ನನ್ನ ಬೊಗಸೆಯಲ್ಲಿಟ್ಟಳು, ನಕ್ಕಳು, ಯಾರೋ ಕರೆದರೆಂದು ಅತ್ತ ಹೋದಳು. ಬಟ್ಟಲು ಆಗಷ್ಟೇ ತೂಗಿ ಮಲಗಿಸಿದ ಕೂಸಿನಂತೆ ಹಗುರವಾಗಿ ಕೂತಿತ್ತು. ನೋಡುವುದಾಯಿತು, ಇನ್ನು ತಿರುಗಿ ಇಡಬೇಕು. ಅಲ್ಲೇ ನನ್ನ ಕೈ ತಡೆಯಿತು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ಲ? ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಎದುರುಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಅನ್ನುವವರು, ಒಮ್ಮೆ ಹೆಪ್ಪಿಗೆಂದು ಮೊಸರು ಕೊಟ್ಟ ಸ್ಟೀಲ್ ಬಟ್ಟಲಿನಲ್ಲಿ ನಾನು ಅವಲಕ್ಕಿ ಹಾಕಿ ಕಳಿಸಿದೆ. ಅವರಲ್ಲೂ ಇದೇ ರೀತಿ. ಅವರು ಚಕ್ಕುಲಿ ಹಾಕಿ ಕಳಿಸಿದರು. ಆ ಬಟ್ಟಲು ಎರಡು ಮನೆಗಳ ನಡುವೆ ಓಡಾಡಿ ಓಡಾಡಿ, ಕೊನೆಗೆ ಯಾರದೆಂಬುದೇ ಇಬ್ಬರಿಗೂ ಮರೆತುಹೋಯಿತು. ಇನ್ನು ಸಾವಿರಾರು ಮೈಲಿ ದೂರದಿಂದ ಬಂದ ಬಟ್ಟಲನ್ನು ಬರಿದಾಗಿ ಇಡಲೇ? ಒಂದು ಉಂಡಿ ಇಟ್ಟೆ. ಮನಸ್ಸಿಗೆ ಸಮಾಧಾನವಾಗಿ ಜಮಖಾನೆಯನ್ನು ಇನ್ನೊಮ್ಮೆ ನೋಡಲು ಹೋದೆ.

ಸ್ವಲ್ಪ ಹೊತ್ತಿಗೆ ಮಂಜುಳಾ ನನ್ನ ಮುಂದೆ ನಿಂತಿದ್ದಳು. ಕೈಯಲ್ಲಿ ನನ್ನ ಶೇಂಗಾ ಉಂಡಿ.

“ಅತ್ಯಾ, ಬಟ್ಟಲದಾಗ ಉಂಡಿ ನೀವ ಇಟ್ರೇನು?”

“ಹೌದವಾ. ಆಕಿ ಅಷ್ಟ ಪ್ರೀತಿಲೆ ಕೈಯಾಗ ಕೊಟ್ಲು. ಖಾಲಿ ಹೆಂಗ ಇಡ್ಲಿ?”

“ಅಯ್ಯ, ಅದು ಹಸೀ ಮಣ್ಣಿನಂಥಾದ್ದು ಅತ್ಯಾ, ಎಣ್ಣಿ ಕುಡೀತದ! ಮುಂಬೈಯಿಂದ ಖರೀದಿ ಮಾಡೋರು ಇದನ್ನ ನೋಡಾಕ ಈಗ ಬರಾಕತ್ತಾರ!”

ಹೋಗಿ ನೋಡಿದೆ. ಉಂಡಿ ಎತ್ತಿದ ಜಾಗದಲ್ಲಿ ಶೇಂಗಾದ ಜಿಡ್ಡು ದುಂಡಗೆ ಹೀರಿಕೊಂಡಿತ್ತು. ಸೆರಗಿನಿಂದ ಒರೆಸಲು ಹೋದೆ, ಇನ್ನಷ್ಟು ಅಗಲವಾಯಿತು. ಅಷ್ಟರಲ್ಲಿ ಮಂಜುಳಾಳ ಸಾಹೇಬರು ಬಂದರು, ಅವರ ಹಿಂದೆ ಇಂಗ್ರಿಡ್ ಬಾಯಿ, ಅವರ ಹಿಂದೆ ಜನ. “ಹೇ ಕುಣೀ ಕೇಲಂ?” ಎಂದು ಸಾಹೇಬರು ಗುಡುಗಿದರು. ಯಾರು ಮಾಡಿದ್ದು? ಕಣ್ಣು ಮಂಜುಳಾಳ ಮೇಲೆಯೇ ಇತ್ತು. ಅವಳು ನನ್ನ ಕೈಯನ್ನು ಹಿಂದೆ ತಳ್ಳಿ, “ನೀವ್ ಸುಮ್ನಿರ್ರಿ” ಎಂದು ಪಿಸುಗುಟ್ಟಿ, “ಸರ್, ಮಾಝೀ ಚೂಕ್” ಎಂದಳು. ನನ್ನದೇ ತಪ್ಪು ಎಂದು.

ನನ್ನ ಮುಂದೆ ಮತ್ತೊಂದು ಬೆನ್ನು! ನಿಮ್ಮ ಅಮ್ಮನದು, ನನಗಿಂತ ಒಂದು ಗೇಣು ಎತ್ತರ. ಅದರ ಹಿಂದೆ ಹಾಯಾಗಿ ನಿಲ್ಲಬಹುದಿತ್ತು. ಆದರೆ ಆ ಬೆನ್ನು ನಡುಗುತ್ತಿತ್ತು. ನಾನು ಮುಂದೆ ಬಂದೆ. ಎಲ್ಲರೂ ನನ್ನನ್ನೇ ನೋಡಿದರು. ವಾಕ್ಯ ಕಟ್ಟಲು ಹೊತ್ತಿರಲಿಲ್ಲ. “ಮೀ ಠೇವಲಾ” ಎಂದೆ. ನಾನು ಇಟ್ಟೆ. “ರಿಕಾಮಂ ಭಾಂಡಂ ಪರತ್ ಕಸಂ ದ್ಯಾಯಚಂ?” ಖಾಲಿ ಪಾತ್ರೆ ತಿರುಗಿ ಹೇಗೆ ಕೊಡುವುದು?

ಸಾಹೇಬರು ಪಕ್ಕಕ್ಕೆ ಸರಿದು ಇಂಗ್ರಿಡ್ ಬಾಯಿಗೆ ಜಾಗ ಬಿಟ್ಟರು. ಮರಾಠಿ ಮನೆಯಲ್ಲಿ ಬೆಳೆದವರು. ಈ ರೀತಿ ಅವರ ಮನೆಯಲ್ಲೂ ಇದ್ದದ್ದೇ. ಮಂಜುಳಾ ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದಳು. ಇಂಗ್ರಿಡ್ ಬಾಯಿ ಜಿಡ್ಡನ್ನು ಬೆರಳಿನಿಂದ ಮುಟ್ಟಿ ನೋಡಿದಳು, ನಗಲಿಲ್ಲ. ಕೈಗೆ ಕೊಟ್ಟು ಬಿಟ್ಟುಹೋದವಳು ತಾನು, ಈ ಹುಡುಗಿಯದೇನೂ ತಪ್ಪಿಲ್ಲ ಎಂದಳಂತೆ. ಪ್ರಯಾಣದಲ್ಲಿ ಒಡೆದರೆ ಇರಲೆಂದು ತಂದಿದ್ದ ಇನ್ನೊಂದು ಬಟ್ಟಲನ್ನು ಪೆಟ್ಟಿಗೆಯಿಂದ ತೆಗೆದು ಆ ಜಾಗದಲ್ಲಿಟ್ಟಳು. ಜಿಡ್ಡು ಹಿಡಿದದ್ದನ್ನು ಕಾಗದದಲ್ಲಿ ಸುತ್ತಿ, “ಇದನ್ನು ಇನ್ನು ಮಾರಲಾಗದು” ಎಂದಳಂತೆ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಉಂಡಿಯನ್ನು ಮಾತ್ರ ಅಲ್ಲೇ ನಿಂತು ತಿಂದಳು.

ಮುಂಬೈಯವರು ಬಂದರು, ಬಟ್ಟಲುಗಳನ್ನು ಮೆಚ್ಚಿಕೊಂಡು ಹೋದರು. ನಿಮ್ಮ ಅಮ್ಮನ ಕೆಲಸ ಉಳಿಯಿತು. ಮರುದಿನ ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ನಗತೊಡಗಿದಳು. “ಅತ್ಯಾ, ನಿಮ್ಮ ಸಲುವಾಗಿ ಬೋರ್ಡ್ ಹಾಕ್ಯಾರ!” ‘ದಯವಿಟ್ಟು ಬಟ್ಟಲುಗಳಲ್ಲಿ ತಿನಿಸು ಇಡಬೇಡಿ’ ಎಂದು ದಪ್ಪಕ್ಷರದಲ್ಲಿ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಯಾರ ಕಣ್ಣಿಗೂ ಬೀಳದಂತೆ ಬದುಕಿದವಳು ಅಂತರರಾಷ್ಟ್ರೀಯ ಮೇಳದಲ್ಲಿ ಮೂರು ಭಾಷೆಗಳಲ್ಲಿ ಪ್ರಕಟವಾಗಿದ್ದೆ. ನಾಚಿಕೆಯಿಂದ ಅಡುಗೆಮನೆಗೆ ಹೋಗಿ ಕೂತೆ. ಕೂತಲ್ಲೇ ಒಂದು ವಿಚಾರ ಬಂತು: ಕನ್ನಡದಲ್ಲಿ ಯಾಕೆ ಬರೆಸಲಿಲ್ಲ? ಹಾಗೆ ಅನಿಸಿದ್ದೇ, ಇಷ್ಟು ವರ್ಷ ನಾಚಿಕೆಯ ಸ್ವಭಾವದವಳೆಂದು ಎಲ್ಲರನ್ನೂ ನಂಬಿಸಿದ ನನ್ನ ಮೇಲೆ ನನಗೇ ಸಂಶಯ ಹುಟ್ಟಿತು.