ಪಶುಪತಿನಾಥನ ದಾರಿಯಲ್ಲಿ ಅಮ್ಮನ ಕಾಫಿ

ಹತ್ತಿದ ಗಾಡಿಗೂ ಹತ್ತಲಾಗದೆ ಹೋದ ಗಾಡಿಗೂ ಒಡೆಯನಾದ ಶಿವನಿಗೆ ಶರಣು.

ದೇವರ ದರ್ಶನಕ್ಕೆಂದು ಹೊರಟಾಗಲೆಲ್ಲ ನಮಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಅದೂ ಅವನ ಲೀಲೆಯೇ ಎಂದು ನಂಬಿದವನು ನಾನು. ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದೆ. ನನಗೆ ಟೈಫಾಯಿಡ್ ಬಂದಾಗ ಅಮ್ಮ ನೇಪಾಳದ ಪಶುಪತಿನಾಥನಿಗೆ ಹರಕೆ ಹೊತ್ತರು: ಮಗ ಎದ್ದು ಕೂತರೆ ನಿನ್ನ ದರ್ಶನಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಕಾಫಿ ಮುಟ್ಟುವುದಿಲ್ಲ. ನಾನು ಎದ್ದು ಕೂತೆ. ಕಾಫಿ ಬಿಟ್ಟವರು ಅಮ್ಮ, ಅನುಭವಿಸಿದವರು ನಾವು. ಹಾಲಿನವನಿಂದ ಹಿಡಿದು ಬೀಗರವರೆಗೆ ಎಲ್ಲರೂ ಬೈಸಿಕೊಂಡ ಮೇಲೆ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕನ್ನ ಬೇಗ ಕರ್ಕೊಂಡು ಹೋಗೋಣ ಕಣೋ. ಇಲ್ಲಾಂದ್ರೆ ನಮಗೆಲ್ಲ ಟೈಫಾಯಿಡ್ ಬರುತ್ತೆ" ಅಂದರು.

ಚಪ್ಪಲಿ

ಅಮ್ಮ, ಮಾವ, ನಾನು ರಕ್ಸೌಲ್‌ನಲ್ಲಿ ರೈಲು ಇಳಿದು, ಗಡಿ ದಾಟಲು ಒಂದು ಜಟಕಾ ಹಿಡಿದೆವು. ಗಾಡಿಯವನು ಕಮಾನಿಗೆ ಶಿವನ ಪಟ ಅಂಟಿಸಿ ಹೂವು ಸಿಕ್ಕಿಸಿದ್ದ. ಅಮ್ಮ ಭಕ್ತಿಯಿಂದ ಕೈಮುಗಿದು ಹತ್ತಿದರು. ನೇಪಾಳದಲ್ಲಿ ಇಳಿಯುವಾಗ ನೋಡಿದರೆ ಬರಿಗಾಲು.

"ಅಮ್ಮಾ, ಚಪ್ಪಲಿ?"

"ದೇವರಿರೋ ಕಡೆ ಮೆಟ್ಟು ಹಾಕ್ಕೊಂಡು ಹತ್ತೋಕಾಗುತ್ತೇನೋ? ಕೆಳಗೇ ಬಿಟ್ಟೆ."

"ಕೆಳಗೆ ಅಂದ್ರೆ?"

"ಹತ್ತಿದ ಕಡೆ."

ಅಮ್ಮ ನೇಪಾಳದಲ್ಲಿ, ಚಪ್ಪಲಿ ಇಂಡಿಯಾದಲ್ಲಿ. ಮಾವ ಸಮಾಧಾನ ಹೇಳಿದರು: "ಬಿಡಕ್ಕ, ದೇವಸ್ಥಾನದ ಬಾಗಿಲಲ್ಲಿ ಕಳೆದುಹೋಗೋದು ಸ್ವಲ್ಪ ಮೊದಲೇ ಕಳೆದುಹೋಯ್ತು."

ತಿರುಗಿ ನೋಡಬಾರದು

ಅಲ್ಲಿಂದ ಕಠ್ಮಂಡುವಿಗೆ ಬಸ್ಸು ಗೊತ್ತುಮಾಡುವ ಜವಾಬ್ದಾರಿ ಮಾವನದು. ವಿಜಯನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ಅವರ ಸಮ ಯಾರೂ ಇರಲಿಲ್ಲ. ಅರ್ಧಕ್ಕೆ ಕೇಳುವುದು, ಕೊಡದಿದ್ದರೆ "ಬೇಡ ಬಿಡಪ್ಪ" ಎಂದು ಬೆನ್ನು ತಿರುಗಿಸಿ ನಿಧಾನವಾಗಿ ನಡೆಯುವುದು. ಅಂಗಡಿಯವನು "ಬನ್ನಿ ಸ್ವಾಮಿ" ಎಂದು ಕರೆಯಲೇಬೇಕು.

ಬಸ್ಸಿನವನ ಹತ್ತಿರವೂ ಅದನ್ನೇ ಮಾಡಿದರು. "ಯಾರೂ ತಿರುಗಿ ನೋಡ್ಬೇಡಿ. ಕರೀತಾನೆ" ಅಂದರು. ನಾವು ಗಂಟುಮೂಟೆ ಹೊತ್ತು, ತಿರುಗಿ ನೋಡದೆ ರಸ್ತೆಯಲ್ಲಿ ನಡೆದೆವು. ಹಿಂದಿನಿಂದ ಹಾರನ್ ಕೇಳಿಸಿತು.

"ನೋಡಿದ್ಯಾ? ಕರೀತಿದಾನೆ."

ದಾರಿ ಬಿಡಿ ಎಂದು ಇನ್ನೊಮ್ಮೆ ಹಾರನ್ ಹೊಡೆದು ಬಸ್ಸು ನಮ್ಮನ್ನು ದಾಟಿ ಹೋಯಿತು. ಅವತ್ತಿಗೆ ಅದೇ ಕೊನೆಯದು. ಮಾರನೆಯ ದಿನ ಆಲೂಗಡ್ಡೆ ಲಾರಿಯಲ್ಲಿ ಹೋದೆವು. ಡ್ರೈವರ್ ಪಕ್ಕದಲ್ಲಿ ಅಮ್ಮ, ಮೂಟೆಗಳ ಮೇಲೆ ನಾವಿಬ್ಬರು. ಮಾವ ಬೆಟ್ಟದ ತಿರುವು ಬಂದಾಗಲೆಲ್ಲ ಶಿವಶಿವಾ ಅಂದರು. ಅವರ ಬಾಯಲ್ಲಿ ಅಷ್ಟು ನಾಮಸ್ಮರಣೆ ನಾನು ಹಿಂದೆ ಕೇಳಿರಲಿಲ್ಲ.

ಅಪ್ಪಣೆ

ಒಂದು ದಿನ ಹೀಗೆ ಹೋದ್ದರಿಂದ ದರ್ಶನಕ್ಕೆ ಉಳಿದದ್ದು ಒಂದೇ ಬೆಳಗ್ಗೆ. ಮಧ್ಯಾಹ್ನವೇ ವಾಪಸ್ ಬಸ್ಸು, ಕಾರ್ಖಾನೆಯಲ್ಲಿ ನನ್ನ ರಜೆಯೂ ಮುಗಿಯುತ್ತಿತ್ತು. ಧರ್ಮಶಾಲೆಯ ಮುಂದೆ ನಿಂತರೆ ಒಂದು ಟ್ಯಾಕ್ಸಿಯೂ ಇಲ್ಲ. ಅಷ್ಟರಲ್ಲಿ ಒಬ್ಬ ಬಿಳಿಯ ಬಂದ. ಎದೆಯವರೆಗೆ ಗಡ್ಡ, ಕಾವಿ ಲುಂಗಿ, ಕೊರಳಲ್ಲಿ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಹಣೆಗೆ ವಿಭೂತಿ. ಆ ಕಾಲದಲ್ಲಿ ಕಠ್ಮಂಡು ತುಂಬ ಇಂಥ ಹಿಪ್ಪಿಗಳು.

ಅಮ್ಮನಿಗೆ ಕಂಡದ್ದು ಜಂಗಮರು. ನಮ್ಮಲ್ಲಿ ಜಂಗಮರು ಎಂದರೆ ಮನೆಮನೆಗೆ ನಡೆದು ಬರುವ ಶಿವನೇ. ಬಂದರೆ ಪಾದಪೂಜೆ ಮಾಡಬೇಕು, ಕೇಳಿದ್ದಕ್ಕೆ ಇಲ್ಲ ಎನ್ನಬಾರದು, ಅವರನ್ನು ಬಿಟ್ಟು ನಾವು ಮುಂದೆ ಹೋಗಬಾರದು.

"ಅಕ್ಕ, ಅವನು ಹಿಪ್ಪಿ" ಅಂದರು ಮಾವ.

"ಯಾವ ಮಠದವರಾದ್ರೇನೋ?" ಎಂದು ಅಮ್ಮ ಅವನನ್ನು ಜಗಲಿಯಲ್ಲಿ ಕೂರಿಸಿ ತಟ್ಟೆಯಲ್ಲಿ ಕಾಲು ತೊಳೆದರು. ಆ ಕಾಲು ನೀರು ಕಂಡು ಬಹಳ ಕಾಲವಾಗಿತ್ತು. ಪಾದೋದಕವೆಂದು ಅಮ್ಮ ಬಾಯಿಗೆ ಹಾಕಿಕೊಳ್ಳುವ ಮೊದಲೇ ಮಾವ ತಟ್ಟೆ ಎಡವಿ ಚೆಲ್ಲಿಬಿಟ್ಟರು. ಹಿಪ್ಪಿ ಮಾತ್ರ ಕಣ್ಣು ಮುಚ್ಚಿ ಸುಖವಾಗಿ ಕೂತಿದ್ದ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ನಮ್ಮ ಕಷ್ಟ ಹೇಳಿದೆ. ಅವನ ಹತ್ತಿರ ಒಂದು ಹಳೆಯ ವ್ಯಾನ್ ಇತ್ತು, ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ತಾನೇ ಓಡಿಸಿಕೊಂಡು ನಮ್ಮನ್ನು ದೇವಸ್ಥಾನದ ಬಾಗಿಲಿಗೆ ಬಿಟ್ಟ.

ಅಲ್ಲಿ ಕಾವಲುಗಾರ ಅವನನ್ನು ತಡೆದ. ಹಿಂದೂಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ.

"ಜಂಗಮರನ್ನ ಹೊರಗೆ ನಿಲ್ಲಿಸಿ ನಾನು ಒಳಗೆ ಹೋಗ್ಲಾ? ನನಗೂ ದರ್ಶನ ಬೇಡ" ಎಂದು ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಾವನ ಮುಖ ಬಿಳುಚಿತು. "ಜೀವನಪೂರ್ತಿ ಕಾಫಿ ಇಲ್ದೇ ಇರ್ತಾಳೆ ಕಣೋ. ನಾವು ಹೇಗೆ ಬದುಕೋದು? ಅವನ ಬಾಯಿಂದಲೇ ಏನಾದ್ರೂ ಹೇಳಿಸು."

ನಾನು ಹಿಪ್ಪಿಯ ಕಾಲು ಹಿಡಿಯುವುದೊಂದು ಬಾಕಿ. ಅವನಿಗೆ ಎಷ್ಟು ಅರ್ಥವಾಯಿತೋ, ಬಲಗೈ ಎತ್ತಿ, "ಗೋ, ಮದರ್, ಗೋ" ಅಂದ.

"ಅಪ್ಪಣೆ ಆಯ್ತು" ಎಂದು ಅಮ್ಮ ಎದ್ದರು.

ಕಣ್ತುಂಬ ದರ್ಶನವಾಯಿತು. ಹೊರಬಂದವರೇ ಅಮ್ಮ ಸೆರಗಿನ ಗಂಟಿನಿಂದ ಕಾಫಿಪುಡಿ ತೆಗೆದರು. ವ್ಯಾನಿನ ಸ್ಟವ್ ಮೇಲೆ ಒಂದು ಪಾತ್ರೆ ಕಾಫಿ ಕಾಸಿ, ಮೊದಲ ಲೋಟ ಜಂಗಮರಿಗೆ ಕೊಟ್ಟರು. ಅವನು ಕುಡಿದ, ಕಣ್ಣು ಮುಚ್ಚಿದ, ಲೋಟ ಮುಂದೆ ಹಿಡಿದ. ಇಲ್ಲ ಎನ್ನುವಂತಿಲ್ಲ. ಅಮ್ಮ ಬಗ್ಗಿಸಿದರು. ಮತ್ತೆ ಹಿಡಿದ. ಮತ್ತೆ ಬಗ್ಗಿಸಿದರು. ಮಾವ ಪಾತ್ರೆಯನ್ನೇ ನೋಡುತ್ತ ಮೆಲ್ಲಗೆ ಪಂಚಾಕ್ಷರಿ ಜಪಿಸತೊಡಗಿದರು.

ಕೊನೆಗೆ ತಳದಲ್ಲಿ ಒಂದು ಗುಟುಕು ಉಳಿಯಿತು. ಅಮ್ಮ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು. ಅಮ್ಮನ ಮುಖ ಮೆತ್ತಗಾಯಿತು.

"ಪ್ರಸಾದ ದಿವ್ಯವಾಗಿದೆ" ಅಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಸಕ್ಕರೆ ಮಾತ್ರ ಒಂದು ಚೂರು ಕಮ್ಮಿ ಆಯ್ತು ಕಣೋ. ಪಾಪ, ಜಂಗಮರು ಬಾಯಿಬಿಟ್ಟು ಹೇಳಲಿಲ್ಲ."

ಇದನ್ನು ಕೇಳಿದ ನಿಮಗೆಲ್ಲ ಆ ಪಶುಪತಿನಾಥ ಹೊತ್ತಿಗೆ ಸರಿಯಾಗಿ ಗಾಡಿಯನ್ನೂ, ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಜನರನ್ನೂ, ಇಳಿದ ಕಡೆ ಸಕ್ಕರೆ ಸರಿಯಾಗಿ ಬಿದ್ದ ಒಂದು ಲೋಟ ಕಾಫಿಯನ್ನೂ ಕರುಣಿಸಲಿ.