ತಗ್ಗು ತಪ್ಪಿಸುವ ಆಟ

ವಾಡಿಯ ಸಿದ್ದಲಿಂಗೇಶ ಮಾಸ್ತರರು ಬೇಸಿಗೆ ರಜೆಯ ಮೊದಲ ದಿನವೇ ಹೆಂಡತಿಯ ಮುಂದೆ ಘೋಷಿಸಿಬಿಟ್ಟರು: "ನಾ ಕಂಪ್ಯೂಟರಿನ್ಯಾಗ ಒಂದು ಗೇಮ್ ಮಾಡಾಕತ್ತೀನಿ. ಫರಶಿ ಕಲ್ಲಿನ ಲಾರಿ ಶಹಾಬಾದ ಮುಟ್ಟಬೇಕು. ಮೂರು ಜೀವ. ರಸ್ತಾದ ತಗ್ಗಿನ್ಯಾಗ ಬಿದ್ರ ಒಂದು ಹೋಗ್ತದ."

"ಅದಕ್ಕ ಗೇಮ್ ಯಾಕ್ರಿ? ಬಸ್ ಹತ್ತಿದ್ರ ಸಾಕಲ್ಲ," ಎಂದಳು ಚಂದಮ್ಮ.

ಆಟ ನೋಡಿಯಾದರೂ ರಸ್ತೆ ಮಾಡಿದವರಿಗೆ ನಾಚಿಕೆಯಾಗಲಿ ಎಂಬುದು ಮಾಸ್ತರರ ಘನ ಸಂಕಲ್ಪ. ಕಂಪ್ಯೂಟರ್ ಮಾತ್ರ ಚಂದಮ್ಮನದು. ಲಗ್ನಪತ್ರಿಕೆ ಟೈಪು ಮಾಡಿ ಶಹಾಬಾದಿನ ಪ್ರೆಸ್ಸಿಗೆ ಕಳಿಸುವುದು ಅವಳ ದುಡಿಮೆ. ಕೇಳಿ ಅದರ ಮುಂದೆ ಕೂಡುವ ರೂಢಿ ಮಾಸ್ತರರಿಗಿಲ್ಲ, ಗಂಡನಲ್ಲವೇ!

ಕೋಡ್ ಬರೆಯಲು ಎಡಿಟರ್ ಎಂಬ ತಂತ್ರಾಂಶ ಬೇಕು. ಒಂದನ್ನು ಇಳಿಸಿದರು, ಅಕ್ಷರ ಸಣ್ಣವೆನಿಸಿದವು. ಇನ್ನೊಂದರ ಬಣ್ಣ ಸಪ್ಪೆ. ಮೂರನೆಯದಕ್ಕೆ ಕರಿ ಹಿನ್ನೆಲೆ, ಹಳದಿ ಅಕ್ಷರ, ತಪ್ಪು ತೋರಿಸುವ ಸಲಕರಣೆ ಎಲ್ಲ ಜೋಡಿಸುವಷ್ಟರಲ್ಲಿ ಮನೆಯ ಡೇಟಾ ಖಾಲಿ. ಆಟದ ಒಂದು ಸಾಲೂ ಹುಟ್ಟಿರಲಿಲ್ಲ. ಕೊನೆಗೆ ಎಡಿಟರ್ ಕೇಳಿತು: ಎಲ್ಲ ಫೈಲನ್ನೂ ನನ್ನಲ್ಲೇ ತೆರೆಯಲೇ? ಮಾಸ್ತರರು ಧಾರಾಳವಾಗಿ ಹೂಂ ಎಂದರು.

ಪರೀಕ್ಷೆಗೆಂದು ಎದುರಿಗಿದ್ದ ಒಂದು ಫೈಲು ಒತ್ತಿದರು. ಒಳಗೆ ತಲೆಗೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ, ಕೆಳಗೆಲ್ಲ ಕೆಂಪು ಗೆರೆ. ಕೆಂಪು ಕಂಡದ್ದನ್ನೆಲ್ಲ ಅಳಿಸಿ, ಸೇವ್ ಮಾಡಿ, ಮೀಸೆ ತಿರುವಿದರು.

ಅಷ್ಟರಲ್ಲಿ ಪಕ್ಕದ ಮನೆಯ ಜೈತುನ್ಬೀಯನ್ನು ಕರೆದುಕೊಂಡು ಚಂದಮ್ಮ ಬಂದಳು. "ಇವರ ಮಗಳ ಶಾದಿ ಪತ್ರಿಕಿ ಕಳಸಬೇಕು, ಏಳ್ರಿ. ಆರಕ್ಕ ಪ್ರೆಸ್ ಬಂದ್ ಆಗ್ತದ."

"ಇಲ್ಲೊಂದು ಕಸದ ಫೈಲಿತ್ತು. ಸ್ವಚ್ಛ ಮಾಡೀನಿ."

"ಅದು ಕಸ ಅಲ್ರಿ, ಇವರ ಪತ್ರಿಕಿ. ಹಳೀ ಕನ್ನಡ ಫಾಂಟು. ಬ್ಯಾರೆ ಕಡೆ ತಗದ್ರ ಹಂಗ ಕಾಣ್ತದ."

ಪತ್ರಿಕೆಯಲ್ಲಿ ಉಳಿದದ್ದು ತಾರೀಖು ಮತ್ತು ಫೋನ್ ನಂಬರ್ ಮಾತ್ರ, ಮದುಮಗನ ಹೆಸರೂ ಅಳಿದಿತ್ತು. ಜೈತುನ್ಬೀ ಬಗ್ಗಿ ನೋಡಿದಳು. "ಮಾಸ್ತರ್ ಸಾಬ್, ನನ್ನ ನಾಜಿಯಾಗ ದುಲ್ಹಾನ ಇಲ್ಲದಂಗ ಮಾಡಿದ್ರಲ್ರಿ."

ಚಂದಮ್ಮ ಗಂಡನನ್ನು ಎಬ್ಬಿಸಿ ತಾನು ಕುಳಿತಳು. ಜೈತುನ್ಬೀ ಹೇಳಿದಂತೆ ಮತ್ತೆ ಟೈಪು ಮಾಡಿ, ಪೆನ್‌ಡ್ರೈವನ್ನು ಗಂಡನ ಅಂಗೈಯಲ್ಲಿಟ್ಟಳು. "ಕಳಸಾಕ ಡೇಟಾ ಇಲ್ಲ. ಗಾಡಿ ತಗೀರಿ."

ಶಹಾಬಾದಿನ ರಸ್ತೆಯಲ್ಲಿ ಮುಂದೆ ಫರಶಿ ಲಾರಿ, ಅದರ ಹಿಂದೆ ಧೂಳು, ಧೂಳಿನೊಳಗೆ ಮಾಸ್ತರರು. ಮೊದಲ ತಗ್ಗಿಗೆ ಬಿದ್ದಾಗ ಗಾಡಿಯ ಕನ್ನಡಿ ಹೋಯಿತು, ಎರಡನೆಯದಕ್ಕೆ ಎಡಗಾಲಿನ ಚಪ್ಪಲಿ. ಮೂರನೆಯದನ್ನು ಹೇಗೋ ತಪ್ಪಿಸಿ, ಶಟರ್ ಎಳೆಯುತ್ತಿದ್ದ ಪ್ರೆಸ್ಸಿನವನ ಕೈ ಹಿಡಿದರು. ನಾಜಿಯಾಳ ಪತ್ರಿಕೆ ಬಚಾವಾಯಿತು.

ಒಂಟಿ ಚಪ್ಪಲಿಯಲ್ಲಿ ಮರಳಿದ ಗಂಡನಿಗೆ ಚಂದಮ್ಮ ನೀರು ಕೊಟ್ಟು ಕೇಳಿದಳು: "ಎಷ್ಟು ಜೀವ ಉಳದಾವ್ರಿ?"

"ಒಂದು."

"ಜ್ವಾಕಿ ಇಟ್ಗೋರಿ. ನಾಳಿ ಪ್ರೂಫ್ ತರಾಕ ನೀವೇ ಹೋಗಬೇಕು."